ದೋಣಿಯ ಮೂತಿಗೆ ಟ್ರೋಲಿಂಗ್ ಮೋಟರ್: ಬೋಲ್ಟ್ ಬಿಗಿಯುವ ಮೊದಲು ಹಲಗೆ ನೋಡಿ

ಆಲಮಟ್ಟಿ ಹಿನ್ನೀರಿನಲ್ಲಾಗಲಿ ಹಿಡಕಲ್ ಜಲಾಶಯದಲ್ಲಾಗಲಿ ಪೆಟ್ರೋಲ್ ಎಂಜಿನ್ ಬಂದ್ ಮಾಡಿ, ಸದ್ದಿಲ್ಲದೆ ದಡದ ಗುಂಟ ಸಾಗಲು ಬ್ಯಾಟರಿಯ ಟ್ರೋಲಿಂಗ್ ಮೋಟರ್, ಅಂದರೆ ದಂಡದ ತುದಿಯಲ್ಲಿ ಫ್ಯಾನು ಇರುವ ಸಣ್ಣ ಮೋಟರ್, ಹೇಳಿಮಾಡಿಸಿದ್ದು. ಹಿಂಬದಿಗೆ ಕಟ್ಟುವುದಾದರೆ ಎರಡು ತಿರುಪು ಬಿಗಿದರೆ ಕೆಲಸ ಮುಗಿಯಿತು. ಆದರೆ ಹಿಂದಿನಿಂದ ನೂಕಿದ ಹಗುರ ದೋಣಿಯ ಮೂತಿ ಸಣ್ಣ ಗಾಳಿಗೂ ಅತ್ತಿತ್ತ ಹೊರಳುತ್ತದೆ. ಚಕ್ಕಡಿಗೆ ಎತ್ತನ್ನು ಮುಂದೆಯೇ ಹೂಡುತ್ತೇವಲ್ಲ, ಇದೂ ಹಾಗೆಯೇ. ಮುಂದಿನಿಂದ ಎಳೆದರೆ ದೋಣಿ ತಿರುಗಿಸಿದ ಕಡೆ ಬರುತ್ತದೆ.

ಮುಂದೆ ಕೂರಿಸಿದ ಮೋಟರ್ ಕೆಟ್ಟಿತೆಂದು ದೂರುವವರ ದೋಣಿಯಲ್ಲಿ ಮೋಟರ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದರ ಕೆಳಗಿನ ಹಲಗೆ, ಇಲ್ಲವೇ ಅದಕ್ಕೆ ಹೋಗುವ ವೈರ್.

ಯಾವ ಮೋಟರ್, ಎಷ್ಟು ಉದ್ದದ ದಂಡ

ಮೋಟರಿನ ಎಳೆತವನ್ನು ಪೌಂಡ್‌ಗಳಲ್ಲಿ ಬರೆದಿರುತ್ತಾರೆ. ಜನ, ಸಾಮಾನು ಸೇರಿ ದೋಣಿಯ ಪ್ರತಿ 50 ಕೆ.ಜಿ. ತೂಕಕ್ಕೆ ಕನಿಷ್ಠ 1 ಕೆ.ಜಿ. ಎಳೆತ ಬೇಕೆಂಬುದು ರೂಢಿಯ ಲೆಕ್ಕ. 14 ಅಡಿಯ ಅಲ್ಯುಮಿನಿಯಂ ದೋಣಿ, ಮೂವರು, ಬ್ಯಾಟರಿ, ಸಣ್ಣ ಎಂಜಿನ್ ಎಲ್ಲ ಸೇರಿ 450 ಕೆ.ಜಿ. ಎಂದಿಟ್ಟುಕೊಳ್ಳಿ. 9 ಕೆ.ಜಿ., ಅಂದರೆ 20 ಪೌಂಡ್ ಸಾಕಾಯಿತು. ಇದು ಕೆರೆಯ ನಿಂತ ನೀರಿನ ಮಾತು. ಮುಂಗಾರಿನಲ್ಲಿ ಬಯಲು ಹಿನ್ನೀರಿನ ಮೇಲೆ ಪಡುವಣ ಗಾಳಿ ಬೀಸುವಾಗ ಈ ಲೆಕ್ಕ ನಡೆಯದು. ಅದಕ್ಕೇ 55 ಪೌಂಡಿನದನ್ನು ತೆಗೆದುಕೊಳ್ಳುವುದು ಲೇಸು. 12 ವೋಲ್ಟಿನಲ್ಲಿ, ಒಂದೇ ಬ್ಯಾಟರಿಯಲ್ಲಿ ನಡೆಯುವ ಮೋಟರುಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಅದಕ್ಕೂ ಮೇಲೆ ಹೋದರೆ 24 ವೋಲ್ಟ್, ಎರಡು ಬ್ಯಾಟರಿ.

ದಂಡದ ಉದ್ದವನ್ನು ಅಂದಾಜಿನಲ್ಲಿ ಕೊಳ್ಳಬೇಡಿ. ಮಾಮೂಲಿನಷ್ಟು ಜನರನ್ನು ಕೂರಿಸಿ ದೋಣಿಯನ್ನು ನೀರಿಗೆ ಬಿಟ್ಟು, ಮೂತಿಯ ಹಲಗೆಯಿಂದ ನೀರಿನವರೆಗೆ ಅಳೆಯಿರಿ. ಅದಕ್ಕೆ 65 ಸೆಂ.ಮೀ. ಕೂಡಿಸಿ. ಅಳತೆ 40 ಸೆಂ.ಮೀ. ಬಂದರೆ 105, ಅಂದರೆ 42 ಇಂಚಿನ ದಂಡ. ಕಾಲಿನ ಪೆಡಲ್ ಇಲ್ಲದೆ ಕೈಯಿಂದಲೇ ತಿರುಗಿಸುವುದಾದರೆ ಇನ್ನೂ ಸ್ವಲ್ಪ ಉದ್ದ ಬೇಕು. ನೀರಿನೊಳಗಿನ ಮೋಟರಿನ ನೆತ್ತಿ ಕನಿಷ್ಠ 30 ಸೆಂ.ಮೀ. ಮುಳುಗಿರಬೇಕು. ಇಲ್ಲದಿದ್ದರೆ ಅಲೆಗೆ ಮೂತಿ ಎದ್ದಾಗಲೆಲ್ಲ ಫ್ಯಾನು ಗಾಳಿ ಎಳೆದುಕೊಂಡು ಗೊರಗೊರ ಸದ್ದು ಮಾಡುತ್ತದೆ. ಬ್ಯಾಟರಿ ಖರ್ಚಾಗುತ್ತದೆ, ದೋಣಿ ಮಾತ್ರ ನಿಂತಲ್ಲೇ ಇರುತ್ತದೆ.

ಮೊದಲು ಸುಮ್ಮನೆ ಇಟ್ಟು ನೋಡಿ

ಮೋಟರನ್ನು ಹಲಗೆಗೆ ಹಿಡಿಸುವ ಬುಡದ ಪಟ್ಟಿಯ ಅಳತೆಗೆ ರಟ್ಟು ಕತ್ತರಿಸಿ, ತೂತುಗಳ ಗುರುತು ಹಾಕಿ ಹಲಗೆಗೆ ಟೇಪಿನಿಂದ ಅಂಟಿಸಿ. ಅದರ ಮೇಲೆ ಮೋಟರನ್ನಿಟ್ಟು, ಒಬ್ಬರು ಬುಡ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಹತ್ತು ಸಲ ಇಳಿಸಿ, ಎತ್ತಿ, ಮಲಗಿಸಲಿ. ಇಳಿಸಿದಾಗ ಮೋಟರ್ ದೋಣಿಯ ಅಂಚಿಗೆ ತಾಗದೆ ಮೂರ್ನಾಲ್ಕು ಸೆಂ.ಮೀ. ದೂರ ಇರಬೇಕು, ಮಲಗಿಸಿದಾಗ ಫ್ಯಾನು ಅಂಚಿನ ಒಳಗೇ ಬರಬೇಕು. ನಟ್ಟನಡುವೆ ಕೂರಿಸುವ ಹಟ ಬೇಡ. ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿದರೆ ಹಗ್ಗ ಕಟ್ಟುವ ಗೂಟಕ್ಕೂ ಲಂಗರಿಗೂ ಜಾಗ ಉಳಿಯುತ್ತದೆ.

ಇನ್ನು ಹಲಗೆಯ ಕೆಳಗೆ ಕೈ ಹಾಕಿ. ಗುರುತು ಮಾಡಿದ ಪ್ರತಿ ತೂತಿಗೂ ಅಡಿಯಿಂದ ಪಾನಾ ಹೋಗುತ್ತದೆಯೇ? ಹೋಗದಿದ್ದರೆ ಸ್ಕ್ರೂ ಹೊಡೆದು ಮುಗಿಸುವ ಆಸೆ ಹುಟ್ಟುತ್ತದೆ. ಅಲ್ಲಿ ಕೈ ತೂರುವಷ್ಟು ಕಿಂಡಿ ಕೊರೆದು ಮುಚ್ಚಳ ಹಾಕಿದರೂ ಸರಿಯೇ, ಸ್ಕ್ರೂ ಮಾತ್ರ ಬೇಡ. ಲೆಕ್ಕ ನೋಡಿ: ಫ್ಯಾನು ಹಲಗೆಯಿಂದ 85 ಸೆಂ.ಮೀ. ಕೆಳಗಿದೆ, ಎಳೆತ 25 ಕೆ.ಜಿ. ಅದು ಅಡ್ಡಕ್ಕೆ ತಿರುಗಿ ಎಳೆದಾಗ, 12 ಸೆಂ.ಮೀ. ಅಂತರದ ಎರಡು ಸಾಲು ಬೋಲ್ಟುಗಳಲ್ಲಿ ಒಂದು ಸಾಲನ್ನು ಸುಮಾರು 175 ಕೆ.ಜಿ. ಬಲ ಮೇಲಕ್ಕೆ ಕೀಳುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಜಾಲಿ ಬೊಡ್ಡೆಗೋ ಹಳೆಯ ಊರಿನ ಗೋಡೆಗೋ ದಂಡ ಬಡಿದರೆ ಅದಕ್ಕೂ ಹೆಚ್ಚು.

ತೂತು, ತಟ್ಟೆ, ಬೋಲ್ಟು

ಬೇಕಾದದ್ದು: 6 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಬೋಲ್ಟು ಕನಿಷ್ಠ ನಾಲ್ಕು, ಆರಿದ್ದರೆ ಉತ್ತಮ. ಅಷ್ಟೇ ನೈಲಾಕ್ ನಟ್ಟು (ತಾನಾಗಿ ಸಡಿಲವಾಗದಂಥದ್ದು), ಅಗಲ ವಾಶರು, ಅಡಿಯಲ್ಲಿಡಲು 5 ಮಿ.ಮೀ. ಅಲ್ಯುಮಿನಿಯಂ ತಟ್ಟೆ, 3 ಮಿ.ಮೀ. ರಬ್ಬರ್ ಹಾಳೆ, ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್. ತಟ್ಟೆಯನ್ನು ಬೆಳಗಾವಿಯ ಉದ್ಯಮಬಾಗದಂಥ ಕಡೆ ಅಳತೆ ಕೊಟ್ಟು ಕತ್ತರಿಸಿಕೊಳ್ಳಬಹುದು. ಮೂಲೆಗಳನ್ನು ದುಂಡಗೆ ಮಾಡಿಸಿ. ಸಿಲಿಕೋನ್ ಬಳಸಬೇಡಿ. ಅದು ಕಾಲಕ್ರಮೇಣ ಸಿಪ್ಪೆಯಂತೆ ಏಳುತ್ತದೆ, ಆಮೇಲೆ ಆ ಜಾಗದಲ್ಲಿ ಬೇರೇನೂ ಅಂಟುವುದಿಲ್ಲ.

ತೂತನ್ನು ಮೊದಲು 3 ಮಿ.ಮೀ. ಡ್ರಿಲ್ ಬಿಟ್‌ನಿಂದ, ಬಳಿಕ 6.5ರದರಿಂದ ಕೊರೆಯಿರಿ. ಫೈಬರ್ ದೋಣಿಯಾದರೆ ಗುರುತಿನ ಮೇಲೆ ಟೇಪು ಹಚ್ಚಿ, ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಮೇಲಿನ ಹೊಳಪಿನ ಪದರ ಸವೆಯುವಂತೆ ಮಾಡಿ, ನಂತರ ನೇರವಾಗಿ ಕೊರೆಯಿರಿ. ತೂತಿನ ಬಾಯನ್ನು ಸ್ವಲ್ಪ ಓರೆಯಾಗಿ ಕೆರೆದರೆ ಜೇಡನ ಬಲೆಯಂಥ ಬಿರುಕು ಹರಡದು. ಕೊರೆಯುವಾಗ ಮರದ ಪುಡಿ ಬಂದರೆ ಒಳಗೆ ಪ್ಲೈವುಡ್ ಇದೆ ಎಂದರ್ಥ. ಪುಡಿ ಒದ್ದೆಯಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಕೊಳೆತ ಹಲಗೆಯನ್ನು ಬದಲಿಸದೆ ಮುಂದುವರಿಯಬೇಡಿ. ಒಣಗಿದ್ದರೂ ತೂತನ್ನು 12 ಮಿ.ಮೀ.ಗೆ ಹಿಗ್ಗಿಸಿ, ಅಡಿಗೆ ಟೇಪು ಹಚ್ಚಿ, ಗಟ್ಟಿ ಎಪಾಕ್ಸಿ ತುಂಬಿ, ಒಂದು ದಿನ ಬಿಟ್ಟು ಅದರ ನಡುವೆ ಮತ್ತೆ 6.5ರ ತೂತು ತೆಗೆಯಿರಿ. ಹೀಗೆ ಮಾಡಿದರೆ ಬೋಲ್ಟಿನ ಗುಂಟ ಇಳಿದ ನೀರು ಮರಕ್ಕೆ ಮುಟ್ಟುವುದಿಲ್ಲ.

ಅಲ್ಯುಮಿನಿಯಂ ದೋಣಿಯ ತಲೆನೋವು ಬೇರೆ. ಸ್ಟೇನ್‌ಲೆಸ್ಸೂ ಅಲ್ಯುಮಿನಿಯಮ್ಮೂ ನೀರಿನಲ್ಲಿ ಮುಟ್ಟಿಕೊಂಡಿದ್ದರೆ ಸವೆಯುವುದು ಅಲ್ಯುಮಿನಿಯಂ. ತೂತಿನ ಸುತ್ತ ಬಿಳಿ ಪುಡಿ ಕಾಣಿಸುತ್ತದೆ. ನೈಲಾನ್ ವಾಶರ್ ಮತ್ತು ಬೋಲ್ಟಿಗೆ ತೊಡಿಸುವ ನೈಲಾನ್ ಕೊಳವೆ (ಸ್ಲೀವ್) ಹಾಕಿ, ಬುಡದ ಪಟ್ಟಿಯ ಕೆಳಗೆ ರಬ್ಬರ್ ಹಾಳೆ ಇಡಿ.

ಬೋಲ್ಟುಗಳನ್ನು ಕೈ ಪಾನಾದಿಂದಲೇ ನಿಧಾನಕ್ಕೆ ಬಿಗಿಯಿರಿ. ಇಂಪ್ಯಾಕ್ಟ್ ಗನ್ ಹಚ್ಚಿದರೆ ಸ್ಟೇನ್‌ಲೆಸ್ ನಟ್ಟು ಬಿಸಿಯಾಗಿ ಎಳೆಗಳು ಕಚ್ಚಿಕೊಳ್ಳುತ್ತವೆ, ಆಮೇಲೆ ಬ್ಲೇಡೇ ಗತಿ. ಎಳೆಗೆ ಚೂರು ಗ್ರೀಸ್ ಸವರಿ. ಸೀಲೆಂಟ್ ಅಂಚಿನಿಂದ ಹೊರಬರುವಷ್ಟು ಮಾತ್ರ ಬಿಗಿದು, ರಾತ್ರಿ ಬಿಟ್ಟು, ಮರುದಿನ ಕಾಲು ಸುತ್ತು ಬಿಗಿಯಿರಿ. ಮೊದಲೇ ಪೂರ್ತಿ ಬಿಗಿದರೆ ಸೀಲೆಂಟ್ ಎಲ್ಲ ಹಿಂಡಿ ಹೊರಗೆ ಹೋಗಿ ಒಳಗೆ ಏನೂ ಉಳಿಯದು.

ವೈರಿನಲ್ಲಿ ಜಿಪುಣತನ ಬೇಡ

55 ಪೌಂಡಿನ ಮೋಟರ್ ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಹಿಂಬದಿಗಿದ್ದರೆ ಹೋಗುವ ವೈರು 5 ಮೀಟರ್, ಬರುವುದು 5 ಮೀಟರ್. ಮನೆಗೆ ಹಾಕುವ 6 ಚದರ ಮಿ.ಮೀ. ವೈರಿನಲ್ಲಿ ಇಷ್ಟು ದೂರಕ್ಕೆ ಒಂದೂವರೆ ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ. 10ರಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟು, 16ರಲ್ಲಿ ಅರ್ಧದ ಆಸುಪಾಸು. 16 ಚದರ ಮಿ.ಮೀ. ತಾಮ್ರದ ಮೆತ್ತನೆಯ ಕೇಬಲ್ಲೇ ಹಾಕಿ. ಕೇಬಲ್ಲಿನ ತುದಿಗೆ ಹಾಕುವ ಲಗ್ಗುಗಳನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡದೆ ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ.

ಬ್ಯಾಟರಿಯ ಪ್ಲಸ್‌ನಿಂದ 18 ಸೆಂ.ಮೀ. ಒಳಗೆ 60 ಆಂಪಿಯರಿನ ಡಿಸಿ ಬ್ರೇಕರ್ ಕೂರಿಸಿ. ಮನೆಯ ಎಂಸಿಬಿ ಇಲ್ಲಿ ಮೋಸ ಮಾಡುತ್ತದೆ. ಮನೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರೊಳಗಿನ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿ ಕರೆಂಟು ಇಳಿಯುವುದೇ ಇಲ್ಲ. ಕಿಡಿ ಹಾಗೆಯೇ ಉರಿದು ಎಂಸಿಬಿಯೇ ಕರಗಬಹುದು.

ಕಾರಿನ ಬ್ಯಾಟರಿ ಬೇಡ. ಅದು ಸ್ಟಾರ್ಟ್ ಮಾಡುವ ಒಂದು ಕ್ಷಣಕ್ಕೆ ಮಾಡಿದ್ದು, ನಾಲ್ಕು ಸಲ ಪೂರ್ತಿ ಖಾಲಿ ಮಾಡಿದರೆ ಸೊರಗುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಆಳವಾಗಿ ಖಾಲಿಯಾಗುವುದನ್ನು ತಡೆದುಕೊಳ್ಳುತ್ತದೆ. ಆದರೆ 150 ಎಎಚ್ (ಆಂಪಿಯರ್-ತಾಸು, ಬ್ಯಾಟರಿಯ ಸಾಮರ್ಥ್ಯದ ಅಳತೆ) ಇರುವಂಥದ್ದು 50 ಕೆ.ಜಿ.ಗೂ ಮಿಕ್ಕಿ ತೂಗುತ್ತದೆ, ದೋಣಿ ವಾಲಿದರೆ ಆಸಿಡ್ ಚೆಲ್ಲುತ್ತದೆ. ಸೀಲ್ ಮಾಡಿದ 100 ಎಎಚ್ ಡೀಪ್ ಸೈಕಲ್ (ಆಳವಾಗಿ ಖಾಲಿಯಾಗುವುದನ್ನು ತಾಳುವ) ಲೆಡ್ ಬ್ಯಾಟರಿ ಸಾಕು, ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಲಿಥಿಯಂ ಆದರೆ ಒಂದು ಕೈಯಲ್ಲಿ ಎತ್ತಬಹುದು. ಆದರೆ ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಸತತ 60 ಆಂಪಿಯರಿಗಿಂತ ಹೆಚ್ಚು ಕೊಡುವಂಥದ್ದೇ ಎಂದು ಕೊಳ್ಳುವ ಮೊದಲು ಕೇಳಿ. ಆ 100 ಎಎಚ್ ಲೆಡ್ ಬ್ಯಾಟರಿಯಲ್ಲಿ ಪೂರ್ಣ ವೇಗಕ್ಕೆ ಒಂದು ತಾಸೂ ಸಿಗದು, 12-15 ಆಂಪಿಯರಿನ ನಿಧಾನ ನಡಿಗೆಗೆ ಮೂರು ತಾಸಿಗೆ ಅಡ್ಡಿಯಿಲ್ಲ.

ನೀರಿಗಿಳಿಸಿದ ದಿನ

ಜಲಾಶಯದಲ್ಲಿ ಮೋಟರ್ ದೋಣಿಗೆ ಅನುಮತಿ ಬೇಕು, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ದಡದ ಹತ್ತಿರವೇ ಪರೀಕ್ಷೆ ಮಾಡಿ. ಮೋಟರನ್ನು ಒಣಗಿದ ನೆಲದ ಮೇಲೆ ಓಡಿಸಿ ತೋರಿಸುವ ಉಮೇದು ಬೇಡ. ಪೂರ್ಣ ವೇಗದಲ್ಲಿದ್ದಾಗ ಬ್ಯಾಟರಿಯ ತುದಿಯಲ್ಲಿ ಒಮ್ಮೆ, ಮೂತಿಯ ಪ್ಲಗ್ಗಿನಲ್ಲಿ ಒಮ್ಮೆ ಮಲ್ಟಿಮೀಟರ್ ಹಿಡಿಯಿರಿ. ವ್ಯತ್ಯಾಸ 0.6 ವೋಲ್ಟಿಗಿಂತ ಹೆಚ್ಚಿದ್ದರೆ ಯಾವುದೋ ಲಗ್ಗು ಸಡಿಲ. ಐದು ನಿಮಿಷ ಓಡಿಸಿ ಮುಟ್ಟಿ ನೋಡಿದರೆ ಬಿಸಿಯಾದದ್ದೇ ಕಳ್ಳ. ಮೀನು ಹುಡುಕುವ ಸೋನಾರ್ ಪರದೆಯಲ್ಲಿ ಗೆರೆಗಳು ಕುಣಿದರೆ ಅದಕ್ಕೆ ಪ್ರತ್ಯೇಕ ಸಣ್ಣ ಬ್ಯಾಟರಿ ಕೊಡಿ.

ಟ್ರೇಲರಿನ ಮೇಲೆ ಊರಿಗೆ ಮರಳುವಾಗ ಪ್ಲಗ್ ಕಿತ್ತು, ದಂಡದ ನಡುವಿಗೆ ಪಟ್ಟಿ ಬಿಗಿಯಿರಿ. ನೀರಿಗಿಂತ ರಸ್ತೆಯ ಗುಂಡಿಗಳೇ ಹೆಚ್ಚು ಬುಡಗಳನ್ನು ಮುರಿಯುತ್ತವೆ. ಮೊದಲ ಮೂರ್ನಾಲ್ಕು ಸವಾರಿಯ ನಂತರ ನಟ್ಟುಗಳನ್ನು ಮತ್ತೊಮ್ಮೆ ನೋಡಿ. ಪ್ರತಿ ಸಲವೂ ಫ್ಯಾನು ಬಿಚ್ಚಿ, ಅದರ ಹಿಂದೆ ಸುತ್ತಿಕೊಂಡ ಗಾಳದ ದಾರವನ್ನೋ ಬಲೆಯ ಎಳೆಯನ್ನೋ ತೆಗೆಯಿರಿ. ಆ ಎಳೆ ಸೀಲನ್ನು ಕತ್ತರಿಸಿದರೆ ನೀರು ಮೋಟರಿನ ಒಳಗೇ ಹೋಗುತ್ತದೆ. ಫ್ಯಾನು ಬೊಡ್ಡೆಗೆ ಬಡಿದಾಗ ಮೋಟರನ್ನು ಉಳಿಸಲು ತಾನು ತುಂಡಾಗುವ ಪಿನ್ನು ಅಲ್ಲೇ ಇದೆ. ಅದರ ಎರಡು ಜೋಡಿಯನ್ನೂ ಫ್ಯಾನಿನ ನಟ್ಟಿಗೆ ಹೊಂದುವ ಪಾನಾವನ್ನೂ ದೋಣಿಯಲ್ಲೇ ಇಟ್ಟಿರಿ.