ಕಸ ತುಂಬಿದ ಹಳೆ ಜಂಬಿಟ್ಟಿಗೆ ಕ್ವಾರಿ: ಮಣ್ಣು ಪರೀಕ್ಷೆ ಮಾಡಿದ ನನ್ನ ಅನುಭವ

ತೀರ್ಥಹಳ್ಳಿ ಕಡೆ ಕಲ್ಲು ತೆಗೆದು ಬಿಟ್ಟಿದ್ದ ಒಂದು ಜಂಬಿಟ್ಟಿಗೆ ಕ್ವಾರಿಗೆ ವರ್ಷಗಟ್ಟಲೆ ಊರ ಕಸ ಸುರಿದು, ಮೇಲೆ ಮಣ್ಣು ಎಳೆದು ಮುಚ್ಚಿದ್ದರು. ಇಳಿಜಾರಿನಲ್ಲಿ ಅಡಿಕೆ ತೋಟ, ಎರಡು ಮನೆಯ ಬಾವಿ, ಆಮೇಲೆ ಹಳ್ಳ. ನೆಲ ಎಷ್ಟು ಕೆಟ್ಟಿದೆ ಅಂತ ನೋಡುವ ಕೆಲಸ ನನಗೆ ಬಂತು. ನನಗೆ ಆ ಬಾವಿಗಳದ್ದೇ ಚಿಂತೆ.

ಮೊದಲು ಗೂಗಲ್ ಅರ್ತ್‌ನ ಹಳೆ ಚಿತ್ರಗಳಲ್ಲಿ ಗುಂಡಿಯ ಅಂಚು ಹುಡುಕಿದೆ. ಆಮೇಲೆ ಆಗ ಕಸದ ಟ್ರ್ಯಾಕ್ಟರ್ ಓಡಿಸುತ್ತಿದ್ದವರ ಜೊತೆ ಕೂತು ಮಾತಾಡಿದೆ. ಹಳೆ ಬ್ಯಾಟರಿ, ಗ್ಯಾರೇಜಿನ ಎಣ್ಣೆ ಯಾವ ಮೂಲೆಗೆ ಬಿದ್ದಿದೆ ಅಂತ ಅವರೇ ತೋರಿಸಿದರು.

ಜಾಸ್ತಿ ಹೊತ್ತು ಹೋಗಿದ್ದು ಹೋಲಿಕೆಗೆ ಸರಿಯಾದ ಮಣ್ಣು ಹುಡುಕುವುದರಲ್ಲಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಸಹಜವಾಗಿಯೇ ಜಾಸ್ತಿ, ಕೆಲವು ಕಡೆ ಕ್ರೋಮಿಯಂ ಕೂಡ. ಕಸ ಬಿದ್ದ ಜಾಗದ ಮಣ್ಣನ್ನಷ್ಟೇ ಲ್ಯಾಬಿಗೆ ಕಳಿಸಿದರೆ ಬರುವ ಅಂಕಿ ಕಸದ್ದೋ ನೆಲದ್ದೋ ಹೇಳುವುದು ಹೇಗೆ? ಅಡಿಕೆ ತೋಟದ ಮಣ್ಣಂತೂ ಬೇಡವೇ ಬೇಡ. ಕೊಳೆ ರೋಗಕ್ಕೆ ವರ್ಷ ವರ್ಷ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದು ಅಲ್ಲಿ ತಾಮ್ರ ಸೇರಿರುತ್ತದೆ, ಅಲ್ವಾ? ಹಾಗಾಗಿ ಕ್ವಾರಿಗಿಂತ ಮೇಲಿದ್ದ, ಔಷಧಿ ಕಾಣದ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ಹೋಗಿ ಅದೇ ಬಗೆಯ ಮಣ್ಣನ್ನು ಅದೇ ಆಳದಿಂದ ತೆಗೆದೆ.

ಅಗೆದದ್ದು ಮಳೆ ಹಿಡಿಯುವ ಮುಂಚೆ. ಜೆಸಿಬಿ ತೋಡಿದ ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ಪಕ್ಕದ ಮಣ್ಣು ಕುಸಿಯಬಹುದು, ಜೊತೆಗೆ ಕಸದಿಂದ ಬರುವ ಮೀಥೇನ್ ಅನಿಲ ಗಾಳಿಯಲ್ಲಿ ನೂರಕ್ಕೆ 5ರಿಂದ 15ರಷ್ಟು ಸೇರಿದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಬೀಡಿ ಪೂರ್ತಿ ಬಂದ್. ಲೋಹದ ಪರೀಕ್ಷೆಗೆ ಪ್ಲಾಸ್ಟಿಕ್ ಡಬ್ಬಿ, ಎಣ್ಣೆಯಂಶಕ್ಕೆ ಗಾಜಿನ ಬಾಟಲಿ, ಎಲ್ಲವೂ ಐಸ್ ಪೆಟ್ಟಿಗೆಗೆ. ಕ್ವಾರಿಯ ತಳವನ್ನು ಮಾತ್ರ ಕೊರೆಯಲಿಲ್ಲ, ಕಸದ ರಸ ಕೆಳಗಿಳಿಯಲು ನಾವೇ ದಾರಿ ಮಾಡಿಕೊಡಬಾರದು.

ನೀರಿಗಾಗಿ ಜುಲೈನಲ್ಲಿ ಮತ್ತೆ ಹೋದೆ. ಹಳ್ಳದ ಅಂಚಿನಲ್ಲಿ ತುಕ್ಕಿನ ಬಣ್ಣದ ನೀರು ಒಸರುವುದನ್ನು ಊರವರೆಲ್ಲ ತೋರಿಸಿದರು. ಜಂಬಿಟ್ಟಿಗೆ ನೆಲದಲ್ಲಿ ಕಸ ಇಲ್ಲದಿದ್ದರೂ ಹಾಗೆ ಒಸರುತ್ತದೆ, ಬಣ್ಣ ನಂಬಿ ಕೂರುವ ಹಾಗಿಲ್ಲ. ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಕಂಡಕ್ಟಿವಿಟಿ ಮೀಟರ್ ಹಿಡಿದು ಹಳ್ಳದುದ್ದಕ್ಕೂ ನಡೆದೆ. ನಮ್ಮ ಹಳ್ಳಗಳಲ್ಲಿ ಉಪ್ಪಿನಂಶ ತೀರಾ ಕಡಿಮೆ, ಕಸದ ರಸ ಸೇರುವ ಕಡೆ ಅಂಕಿ ಥಟ್ಟನೆ ಏರುತ್ತದೆ. ಏರಿದ ಜಾಗದಿಂದಲೂ ಎರಡೂ ಬಾವಿಗಳಿಂದಲೂ ನೀರು ತುಂಬಿ, ಕಸದ ರಸ ಸೇರಿದ್ದಕ್ಕೆ ಗುರುತಾದ ಕ್ಲೋರೈಡ್, ಅಮೋನಿಯಾ, ಜೊತೆಗೆ ಸೀಸ ನೋಡಲು ಕೊಟ್ಟೆ. ಕುಡಿಯುವ ನೀರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸೀಸ ಎರಡರಲ್ಲೂ ಮಿತಿಯೊಳಗಿತ್ತು, ಆದರೆ ಕೆಳಗಿನ ಬಾವಿಯಲ್ಲಿ ಕ್ಲೋರೈಡ್, ಅಮೋನಿಯಾ ಎರಡೂ ಏರಿದ್ದವು. ಪೂರ್ತಿ ವರದಿ ಬರೆಯುವ ತನಕ ಕಾಯಲಿಲ್ಲ, ಅವತ್ತೇ ಆ ಮನೆಯವರಿಗೆ ಹೇಳಿದೆ, ಕುಡಿಯುವುದಕ್ಕೆ ಮೇಲಿನ ಬಾವಿಯ ನೀರನ್ನೇ ತನ್ನಿ ಅಂತ.