ಜಾಲಿ ಮರದ ಲಟ್ಟಣಿಗೆ ಕಡೆಯುವುದು ಹೇಗೆ?

ಕೊಪ್ಪಳದ ನಮ್ಮ ಹಿತ್ತಲ ತಗಡಿನ ಶೆಡ್‌ನಲ್ಲಿ ಒಂದು ಸಣ್ಣ ಲೇತ್ ಇದೆ, ಮರವನ್ನು ಗಿರಗಿರ ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ. ಅದರಲ್ಲಿ ನಾನು ಕಡೆದ ಮೊದಲ ಲಟ್ಟಣಿಗೆ ತಿಂಗಳೊಳಗೆ ಉದ್ದಕ್ಕೂ ಸೀಳಿತು. ಹಸಿ ಕೊಂಬೆಯನ್ನು ಹಾಗೇ ಕಡೆದಿದ್ದೆ. ಅದಕ್ಕೇ ಮೊದಲು ಮರದ ಮಾತು.

ಕಿನ್ನಾಳದ ಗೊಂಬೆಗೆ ಹಗುರವಾದ ಪೊಳಕಿ ಮರ ಸರಿ. ಲಟ್ಟಣಿಗೆಗೆ ತೂಕ ಬೇಕು. ನನ್ನ ಆಯ್ಕೆ ಕರಿಜಾಲಿ, ಹಿಂದೆ ಬಂಡಿ ಗಾಲಿಗೆ ಹಾಕುತ್ತಿದ್ದ ಮರ. ತೊಡೆ ದಪ್ಪದ ತುಂಡನ್ನು ನಾಲ್ಕಾಗಿ ಸೀಳಿ, ನಡುವಿನ ತಿರುಳನ್ನು ಕೆತ್ತಿ ತೆಗೆಯಿರಿ. ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಎರಡೂ ತುದಿಗೆ ಫೆವಿಕಾಲ್ ದಪ್ಪಗೆ ಬಳಿದು ನೆರಳಲ್ಲಿಡಿ. ಬೇಗ ಒಣಗಲಿ ಅಂತ ನಮ್ಮೂರ ಬಿಸಿಲಿಗೆ ಇಟ್ಟರೆ ಮುಗೀತು, ಸೀಳುತ್ತದೆ. ತಿಂಗಳಿಗೊಮ್ಮೆ ತೂಗಿ, ತೂಕವನ್ನು ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಇಳಿಯುವುದು ನಿಂತಾಗ ಮರ ಸಿದ್ಧ.

35 ಸೆಂ.ಮೀ. ಉದ್ದ, 5 ಸೆಂ.ಮೀ. ಚೌಕದ ತುಂಡು ಸಾಕು. ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಡು ಗುರುತಿಸಿ, ಲೇತ್‌ನ ಎರಡು ಮೊನೆಗಳ ನಡುವೆ ಬಿಗಿ ಮಾಡಿ. ಉಳಿ ಆನಿಸುವ ಪಟ್ಟಿ ಮರಕ್ಕೆ 3-5 ಮಿ.ಮೀ. ದೂರದಲ್ಲಿರಲಿ. ಸ್ವಿಚ್ ಹಾಕುವ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲೂ ತಾಗಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇಬೇಕು. ಹೆಗಲ ಮೇಲಿನ ಟವೆಲ್ ತೆಗೆದಿಡಿ. ನನ್ನದು ಒಮ್ಮೆ ಸುತ್ತಿಕೊಂಡು ಕುತ್ತಿಗೆಯನ್ನೇ ಎಳೆದಿತ್ತು.

ಮೊದಲು ನಿಮಿಷಕ್ಕೆ 800 ಸುತ್ತು, ಮರ ದುಂಡಾದ ಮೇಲೆ 1500.

ಉಳಿಯ ಬಾಯಿಯನ್ನು ನೇರವಾಗಿ ಮರಕ್ಕೆ ಚುಚ್ಚಬೇಡಿ. ಬಾಯಿಯ ಹಿಂದಿನ ಮಸೆದ ಇಳಿಜಾರನ್ನು ಮೊದಲು ತಿರುಗುವ ಮರದ ಮೇಲೆ ಕೂರಿಸಿ. ಆಗ ಬರೀ ಸವರುವ ಸದ್ದು ಕೇಳುತ್ತದೆ. ಈಗ ಹಿಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿ. ಬಾಯಿ ಮರ ಮುಟ್ಟಿದ ಕೂಡಲೇ 'ಸರ್' ಅಂತ ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಮೊಣಕೈ ಮೇಲೆ ಬೀಳುತ್ತದೆ. ಸುರುಳಿ ಬಿಟ್ಟು ಪುಡಿ ಹಾರುತ್ತಿದ್ದರೆ ಉಳಿ ಮೊಂಡಾಗಿದೆ ಅಂತ ಅರ್ಥ. ನಿಲ್ಲಿಸಿ, ಮಸೆಯಿರಿ. ಯಾವಾಗಲೂ ದಪ್ಪದಿಂದ ಸಣ್ಣದರ ಕಡೆಗೆ, ನಡುವಿನಿಂದ ತುದಿಗೆ ಕಡೆಯಿರಿ. ತುದಿಯಿಂದ ಒಳಕ್ಕೆ ಬಂದರೆ ಚಕ್ಕೆ ಏಳುತ್ತದೆ, ಉಳಿ ಕೈಗೆ ಒದೆಯುತ್ತದೆ.

ಆಕಾರ ನಮ್ಮ ಅವ್ವ ಹೇಳಿದ್ದು: ನಡು 40 ಮಿ.ಮೀ., ತುದಿ 30. ನಡು ಉಬ್ಬಿದ್ದರೆ ಲಟ್ಟಿಸುವಾಗ ಚಪಾತಿ ತಾನೇ ತಿರುಗುತ್ತದೆ, ಅಲ್ವಾ?

ಆಮೇಲೆ ಪಟ್ಟಿ ತೆಗೆದು 120, 180, 240 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ತುದಿಯ ಮೊನೆ ಗುರುತು ಕೊಯ್ದು ನಯ ಮಾಡಿ. ವಾರ್ನಿಷ್ ಬೇಡ, ಹಿಟ್ಟು ತಾಗುವ ಸಾಮಾನು ಇದು. ಕುಸುಬಿ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ, ಎರಡು ದಿನ ಬಿಟ್ಟು ಇನ್ನೊಮ್ಮೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಸಿಪ್ಪೆ ರಾಶಿಗೆ ಎಸೆಯಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಹರವಿ.