ಇಂಗ್ಲೆಂಡಿನಲ್ಲಿ ಮನಸ್ಸು ಕುಗ್ಗಿದಾಗ ಬಣ್ಣ, ಮಣ್ಣು, ಹಾಡು: ಯಾವ ಬಾಗಿಲು ತಟ್ಟಬೇಕು?

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಮನಸ್ಸಿನ ಬೇಗೆಗೆ ಕಲೆಯ ನೆರವು ಎರಡು ರೀತಿಯಲ್ಲಿ ಸಿಗುತ್ತದೆ. ಒಂದು ಸೋಶಿಯಲ್ ಪ್ರಿಸ್ಕ್ರೈಬಿಂಗ್, ಅಂದರೆ ಹತ್ತಿರದ ಗುಂಪು, ಚಟುವಟಿಕೆಗಳ ಜೊತೆ ನಂಟು ಬೆಸೆಯುವುದು; ಇನ್ನೊಂದು ಆರ್ಟ್ ಥೆರಪಿ, ಅಂದರೆ ಕಲೆಯ ಮೂಲಕ ಕೊಡುವ ಚಿಕಿತ್ಸೆ. ಎರಡೂ ಒಂದೇ ಅಂದುಕೊಂಡರೆ ತಪ್ಪು ಸಾಲಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾದೀತು.

ಸೋಶಿಯಲ್ ಪ್ರಿಸ್ಕ್ರೈಬಿಂಗ್ ಜಿಪಿ ಸರ್ಜರಿಯಿಂದ, ಅಂದರೆ ನಿಮ್ಮ ಬಡಾವಣೆಯ ಸಾಮಾನ್ಯ ವೈದ್ಯರ (ಜಿಪಿ) ಕ್ಲಿನಿಕ್‌ನಿಂದ ಶುರುವಾಗುತ್ತದೆ. 2019ರಿಂದ ಇಂಥ ಸರ್ಜರಿಗಳ ಒಕ್ಕೂಟಗಳಿಗೆ ಈ ನಂಟು ಬೆಸೆಯುವ ಲಿಂಕ್ ವರ್ಕರ್‌ಗಳನ್ನು ಇಟ್ಟುಕೊಳ್ಳಲು ಎನ್‌ಎಚ್‌ಎಸ್ ದುಡ್ಡು ಕೊಡುತ್ತಿದೆ. ಅನೇಕ ಕಡೆ ಡಾಕ್ಟರರನ್ನು ಕಾಣದೆಯೇ ರಿಸೆಪ್ಷನ್‌ನಲ್ಲಿ ಇವರನ್ನು ಕೇಳಬಹುದು. ಜಿಪಿಯನ್ನೇ ಕಾಣುವುದಾದರೆ ಸಿಗುವುದು ಸುಮಾರು ಹತ್ತು ನಿಮಿಷ. ನಮ್ಮವರು ಎಡವುವುದು ಇಲ್ಲೇ. ತಲೆನೋವು, ಸುಸ್ತು ಎಂದಷ್ಟೇ ಹೇಳಿ ರಕ್ತಪರೀಕ್ಷೆಗೆ ಬರೆಸಿಕೊಂಡು ವಾಪಸಾಗುತ್ತಾರೆ. "ಎರಡು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ, ಮನೆ ಬಿಟ್ಟು ಹೊರಗೆ ಹೋಗುತ್ತಿಲ್ಲ" ಎನ್ನುವುದು ಮೊದಲ ಮಾತಾಗಿರಲಿ.

ಲಿಂಕ್ ವರ್ಕರ್ ರೋಗದ ಹೆಸರು ಹೇಳುವವರಲ್ಲ. ನಿಮಗೆ ಏನು ಮುಖ್ಯ ಎಂದು ಕೇಳಿ, ಹತ್ತಿರದ ಚಿತ್ರಕಲೆಯ ತರಗತಿ, ಗಾಯನ ತಂಡ, ಕುಂಬಾರಿಕೆ ಗುಂಪಿಗೆ ಪರಿಚಯ ಮಾಡಿಸುತ್ತಾರೆ. ಮೊದಲಿಗೂ ಕೊನೆಗೂ 0ಯಿಂದ 10ರವರೆಗೆ ಅಂಕ ಕೊಡುವ ನಾಲ್ಕು ಪ್ರಶ್ನೆ ಕೇಳುವುದುಂಟು: ಬದುಕಿನ ತೃಪ್ತಿ, ಮಾಡುವ ಕೆಲಸ ಸಾರ್ಥಕ ಅನ್ನಿಸುತ್ತದೆಯೇ, ನಿನ್ನೆಯ ಖುಷಿ, ನಿನ್ನೆಯ ಆತಂಕ. ಮೊದಲ ಮೂರರಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ನಾಲ್ಕನೆಯದು ಮಾತ್ರ ಉಲ್ಟಾ. ಅವಸರದಲ್ಲಿ ಎಲ್ಲಕ್ಕೂ 8 ಎಂದರೆ ಬದುಕು ಚೆನ್ನಾಗಿದೆ, ಆತಂಕವೂ ವಿಪರೀತ ಎಂದು ದಾಖಲಾಗುತ್ತದೆ.

ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ; ಅದಕ್ಕೆ ಶುಲ್ಕವಿಲ್ಲ. ಡಬಲ್ ಅಪಾಯಿಂಟ್‌ಮೆಂಟನ್ನೂ ಕೇಳಿ, ಅನುವಾದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಸೊಸೆಯ ಬಾಯಲ್ಲಿ ಅತ್ತೆಯ ದುಃಖ ಹೇಳಿಸಬೇಡಿ. ಮನೆಯೊಳಗಿನ ಸಂಗತಿ ಆಗ ಯಾರೂ ಬಿಚ್ಚಿ ಹೇಳುವುದಿಲ್ಲ. ಗುಂಪು ಆರಿಸುವಾಗಲೂ ಮಾತು ಕಡಿಮೆಯಿರುವ ಕೈಕೆಲಸ ವಾಸಿ. ಜೇಡಿಮಣ್ಣಿಗೆ ಇಂಗ್ಲಿಷ್ ಬೇಕಿಲ್ಲ.

ಆರ್ಟ್ ಥೆರಪಿ ಇದಲ್ಲ, ಅದು ಚಿಕಿತ್ಸೆ. ಆರ್ಟ್ ಥೆರಪಿಸ್ಟ್, ಮ್ಯೂಸಿಕ್ ಥೆರಪಿಸ್ಟ್, ಡ್ರಾಮಾಥೆರಪಿಸ್ಟ್ ಎಂಬ ಹೆಸರುಗಳಿಗೆ ಕಾನೂನಿನ ಕಾವಲಿದೆ: ಆರೋಗ್ಯ ವೃತ್ತಿಪರರ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿಯಲ್ಲಿ ನೋಂದಣಿಯಿಲ್ಲದವರು ಹಾಕಿಕೊಳ್ಳುವಂತಿಲ್ಲ. ಖಾಸಗಿಯಾಗಿ ಹೋಗುವವರು ಆ ಸಂಸ್ಥೆಯ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಿಯೇ ಹಣ ಕೊಡಿ. ಎನ್‌ಎಚ್‌ಎಸ್‌ನಲ್ಲಿ ಇದು ಸಾಮಾನ್ಯವಾಗಿ ಮಾನಸಿಕ ಆರೋಗ್ಯ ತಂಡದ ಮೂಲಕ ಬರುತ್ತದೆ. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ), ಸ್ಕಿಜೋಫ್ರೇನಿಯಾ ಇರುವವರಿಗೆ ಕಲಾ ಚಿಕಿತ್ಸೆಯನ್ನು ಪರಿಗಣಿಸಿ ಎಂದು ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿಯೇ ಹೇಳುತ್ತದೆ, ಆದ್ದರಿಂದ ಕೇಳಲು ಸಂಕೋಚ ಬೇಡ. ಚಿತ್ರ ಬಿಡಿಸಲು ಬರುವುದಿಲ್ಲ ಎಂಬ ಅಳುಕೂ ಬೇಡ, ಅಲ್ಲಿ ಚಿತ್ರಕ್ಕೆ ಅಂಕ ಹಾಕುವವರಿಲ್ಲ.

ಇವೆರಡೂ ತುರ್ತಿಗಲ್ಲ. ಸಾಯುವ ಯೋಚನೆ ಬರುತ್ತಿದ್ದರೆ 111ಕ್ಕೆ ಕರೆಮಾಡಿ 2 ಒತ್ತಿ. ಜೀವಕ್ಕೇ ಅಪಾಯವಿದ್ದರೆ 999.

ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರ ಲೆಕ್ಕ ಬೇರೆ. ವಿಸಿಟರ್ ವೀಸಾದವರಿಗೂ ಜಿಪಿ ಭೇಟಿಗೆ ಶುಲ್ಕವಿಲ್ಲ; ಮೂರು ತಿಂಗಳೊಳಗಿನ ವಾಸಕ್ಕೆ ತಾತ್ಕಾಲಿಕ ನೋಂದಣಿಯಿದೆ. ಅಲ್ಲಿಂದ ಆಸ್ಪತ್ರೆ ಅಥವಾ ಮಾನಸಿಕ ಆರೋಗ್ಯ ತಂಡಕ್ಕೆ ಕಳಿಸಿದರೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ದರದ ಶೇ 150ರಷ್ಟು ಬಿಲ್ ಬರುತ್ತದೆ. ರೆಫರಲ್‌ಗೆ ಒಪ್ಪುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.